ನಾಯಿಯ ಕೀಲು ಬಿಗಿತಕ್ಕೆ ಅರಿಶಿನ: ಯಾರಿಗೆ, ಎಷ್ಟು, ಹೇಗೆ

ಏಳೆಂಟು ವರ್ಷ ದಾಟಿದ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಸಾಕಿದವರಿಗೆ ಈ ಲಕ್ಷಣಗಳು ಗೊತ್ತಿರುತ್ತವೆ. ಬೆಳಿಗ್ಗೆ ಏಳುವಾಗ ಮುಂಗಾಲು ಊರಿ ಹಿಂಭಾಗವನ್ನು ಕಷ್ಟಪಟ್ಟು ಎತ್ತುತ್ತದೆ. ಮೊದಲ ಕೆಲವು ಹೆಜ್ಜೆ ಬಿಗಿಯಾಗಿ, ಆಮೇಲೆ ಸ್ವಲ್ಪ ಸಲೀಸಾಗಿ ನಡೆಯುತ್ತದೆ. ಮೆಟ್ಟಿಲ ಮುಂದೆ ನಿಂತು ಯೋಚಿಸುತ್ತದೆ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆ. ಒಂದೇ ಕೀಲನ್ನು ಪದೇ ಪದೇ ನೆಕ್ಕುತ್ತದೆ. ಇದನ್ನೆಲ್ಲ ವಯಸ್ಸಾಯಿತು ಎಂದು ಬಿಟ್ಟುಬಿಡುವುದು ನಾಯಿಗೆ ಮಾಡುವ ಅನ್ಯಾಯ. ವಯಸ್ಸು ರೋಗವಲ್ಲ. ಅಲ್ಲಿ ನೋವಿದೆ, ಅದನ್ನು ಕಡಿಮೆ ಮಾಡಲು ದಾರಿಗಳಿವೆ.

ಆ ದಾರಿಗಳಲ್ಲಿ ಅರಿಶಿನವೂ ಒಂದು. ಆದರೆ ಅದು ಮೊದಲನೆಯದಲ್ಲ. ನನ್ನ ಲೆಕ್ಕದಲ್ಲಿ ರೋಗನಿರ್ಣಯ, ತೂಕ ಇಳಿಸುವುದು, ವೈದ್ಯರು ಕೊಡುವ ನೋವುನಿವಾರಕ, ಇವು ಮೂರೂ ಆದಮೇಲೆ ಅದರ ಸ್ಥಾನ. ಆ ಸ್ಥಾನದಲ್ಲಿಟ್ಟು ಎಚ್ಚರದಿಂದ ಬಳಸಿದರೆ ಕೆಲವು ನಾಯಿಗಳಿಗೆ ಉಪಯೋಗವಾಗಬಹುದು. ಔಷಧದ ಬದಲಿಗೆ ಅದೊಂದನ್ನೇ ನಂಬಿ ಕುಳಿತರೆ ನಾಯಿ ತಿಂಗಳುಗಟ್ಟಲೆ ನೋವು ತಿನ್ನುತ್ತದೆ.

ಮೊದಲು ಕುಂಟಲು ಕಾರಣ ಕಂಡುಹಿಡಿಯಿರಿ

ನಿಧಾನವಾಗಿ, ತಿಂಗಳುಗಳ ಕಾಲ ಹೆಚ್ಚುತ್ತಾ ಬಂದ ಬಿಗಿತ ಹೆಚ್ಚಾಗಿ ಕೀಲಿನ ಮೃದ್ವಸ್ಥಿ ಸವೆದಿದ್ದರಿಂದ ಬಂದದ್ದು. ದೊಡ್ಡ ತಳಿಗಳಲ್ಲಿ ಹುಟ್ಟಿನಿಂದಲೇ ಸೊಂಟದ ಕೀಲು ಸರಿಯಾಗಿ ಕೂತಿರದಿದ್ದರೆ ಈ ಸವೆತ ಬೇಗ ಶುರುವಾಗುತ್ತದೆ. ಅರಿಶಿನದ ಮಾತು ಬರುವುದು ಇಂಥ ನಾಯಿಗಳಿಗೆ ಮಾತ್ರ.

ನಿನ್ನೆವರೆಗೆ ಸರಿಯಿದ್ದು ಇವತ್ತು ಕಾಲು ಎತ್ತಿಹಿಡಿದ ನಾಯಿಯ ಸಮಸ್ಯೆ ಬೇರೆ. ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿರಬಹುದು, ಪಂಜದಲ್ಲಿ ಮುಳ್ಳು ಇರಬಹುದು, ದೊಡ್ಡ ತಳಿಯ ಮುದಿ ನಾಯಿಯಾದರೆ ಮೂಳೆಯ ಗಡ್ಡೆಯೂ ಇರಬಹುದು. ಡ್ಯಾಶ್‌ಹುಂಡ್‌ನಂತಹ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಾಗಲೂ ಹಿಂಗಾಲು ಸೋಲುತ್ತದೆ.

ನಮ್ಮ ಹವೆಯಲ್ಲಿ ಮರೆಯಬಾರದ ಇನ್ನೊಂದು ಕಾರಣ ಉಣ್ಣಿ ಜ್ವರ. ಉಣ್ಣಿಗಳಿಂದ ಹರಡುವ ಎರ್ಲೀಕಿಯಾ, ಅನಾಪ್ಲಾಸ್ಮಾದಂತಹ ಸೋಂಕುಗಳು ಕೀಲುಗಳಲ್ಲಿ ಊತ ಮತ್ತು ನೋವು ತರುತ್ತವೆ, ನಾಯಿ ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತದೆ. ಇದೇ ಸೋಂಕು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನೂ ಇಳಿಸುತ್ತದೆ. ಅರಿಶಿನಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುವ ಗುಣವಿದೆ. ಪ್ಲೇಟ್‌ಲೆಟ್ ಕುಸಿದಿರುವ ನಾಯಿಗೆ ಕೀಲುನೋವು ಎಂದುಕೊಂಡು ಅರಿಶಿನ ಕೊಡುವುದು ಎಂಥ ಅಪಾಯ ಎಂದು ಇದರಿಂದಲೇ ಊಹಿಸಬಹುದು. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಇವುಗಳಲ್ಲಿ ಒಂದು ಕಂಡರೂ ಅಡುಗೆಮನೆಯತ್ತ ಹೋಗದೆ ರಕ್ತಪರೀಕ್ಷೆಗೆ ಹೋಗಿ.

ಖಾಸಗಿ ಚಿಕಿತ್ಸಾಲಯದ ಖರ್ಚು ಹೆಚ್ಚೆನಿಸಿದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಒಂದು ಎಕ್ಸ್‌ರೇ, ಒಂದು ರಕ್ತಪರೀಕ್ಷೆ (ಯಕೃತ್ತು ಮತ್ತು ಮೂತ್ರಪಿಂಡದ ಅಂಶಗಳೂ ಸೇರಿ) ಇಷ್ಟು ಕೈಯಲ್ಲಿದ್ದರೆ ಮುಂದಿನ ಎಲ್ಲ ತೀರ್ಮಾನ ಸುಲಭವಾಗುತ್ತದೆ.

ಅರಿಶಿನದಿಂದ ಏನನ್ನು ನಿರೀಕ್ಷಿಸಬಹುದು

ಅರಿಶಿನದ ಉರಿಯೂತ ತಗ್ಗಿಸುವ ಗುಣಕ್ಕೆ ಮುಖ್ಯ ಕಾರಣ ಕರ್ಕ್ಯುಮಿನ್ ಎಂಬ ಹಳದಿ ವಸ್ತು. ಸಾಮಾನ್ಯ ಅರಿಶಿನ ಪುಡಿಯಲ್ಲಿ ಅದು ತೂಕದ ಶೇ. 3ರ ಆಸುಪಾಸಿನಲ್ಲಿರುತ್ತದೆ. ಮೇಘಾಲಯದ ಲಕಾಡಾಂಗ್‌ನಂತಹ ತಳಿಗಳಲ್ಲಿ ಇದರ ದುಪ್ಪಟ್ಟು ಇರುವುದೂ ಉಂಟು. ತೊಂದರೆ ಏನೆಂದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ್ದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ.

ಈ ತೊಡಕಿಗೆ ಪರಿಹಾರ ತೋರಿಸಿದ ಪ್ರಸಿದ್ಧ ಅಧ್ಯಯನ ನಮ್ಮ ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ, ಮನುಷ್ಯರ ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಪ್ರಮಾಣ ಶೇ. 2000ರಷ್ಟು ಏರಿತು. ಅರಿಶಿನದ ಪೇಸ್ಟ್‌ಗೆ ಮೆಣಸು ಹಾಕುವ ರೂಢಿಗೆ ಇದೇ ಆಧಾರ. ಆದರೆ ಅದೇ ಅಧ್ಯಯನದಲ್ಲಿ ಇಲಿಗಳಲ್ಲಿ ಕಂಡ ಏರಿಕೆ ಶೇ. 154 ಮಾತ್ರ. ಒಂದು ಪ್ರಾಣಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಆ ದೊಡ್ಡ ಸಂಖ್ಯೆಯನ್ನು ನಾಯಿಗೂ ಅನ್ವಯಿಸಿ ಮಾರುವ ಡಬ್ಬಿಗಳನ್ನು ನಂಬಬೇಡಿ.

ನಾಯಿಗಳ ಮೇಲೆಯೇ ನಡೆದ ಪ್ರಯೋಗವೂ ಇದೆ. 2003ರಲ್ಲಿ ಬ್ರಿಟನ್ನಿನ ಪಶುವೈದ್ಯ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ, ಕೀಲು ಸವೆತವಿದ್ದ 61 ನಾಯಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಅರಿಶಿನ ಜಾತಿಯ ಗೆಡ್ಡೆಗಳ ಸಾರ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಎಂಟು ವಾರ ಕೊಟ್ಟಿದ್ದರು. ನಾಯಿಗಳನ್ನು ಭಾರ ಅಳೆಯುವ ಫಲಕದ ಮೇಲೆ ನಡೆಸಿ, ನೋವಿನ ಕಾಲಿನ ಮೇಲೆ ಎಷ್ಟು ಭಾರ ಹಾಕುತ್ತವೆ ಎಂದು ಅಳೆದರೆ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷಿಸಿದ ವೈದ್ಯರ ಒಟ್ಟಾರೆ ಅಭಿಪ್ರಾಯ ಮಾತ್ರ ಸಾರ ತಿಂದ ನಾಯಿಗಳ ಪರವಾಗಿತ್ತು. ಅಲ್ಲಿಗೆ ನಮಗೆ ಸಿಕ್ಕಿರುವುದು ಒಂದು ಸಣ್ಣ ಆಶೆ. ಅದನ್ನು ಸಣ್ಣದಾಗಿಯೇ ಇಟ್ಟುಕೊಳ್ಳೋಣ.

ಯಾವ ನಾಯಿಗೆ ಕೊಡಲೇಬಾರದು

ಪಿತ್ತಕೋಶದಲ್ಲಿ ಕಲ್ಲು ಅಥವಾ ಪಿತ್ತನಾಳದಲ್ಲಿ ತಡೆ ಇರುವ ನಾಯಿಗೆ ಬೇಡ, ಅರಿಶಿನ ಪಿತ್ತಕೋಶವನ್ನು ಸಂಕುಚಿಸುವಂತೆ ಪ್ರಚೋದಿಸುತ್ತದೆ. ರಕ್ತಸ್ರಾವದ ತೊಂದರೆ ಇರುವವಕ್ಕೂ, ಉಣ್ಣಿ ಜ್ವರದಿಂದ ಚೇತರಿಸಿಕೊಳ್ಳುತ್ತಿರುವವಕ್ಕೂ ಬೇಡ. ಅರಿಶಿನದಲ್ಲಿ ಆಕ್ಸಲೇಟ್ ಹೆಚ್ಚು, ಹಾಗಾಗಿ ಮೂತ್ರಕೋಶದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಬಂದಿದ್ದ ನಾಯಿಗೆ ಸಲ್ಲದು. ಯಕೃತ್ತಿನ ಕಾಯಿಲೆ ಇದ್ದರೆ, ಗಬ್ಬವಾಗಿದ್ದರೆ, ಮರಿಯಾಗಿದ್ದರೆ ದೂರವಿಡಿ. ಮೇದೋಜೀರಕ ಗ್ರಂಥಿಯ ಉರಿಯೂತ ಒಮ್ಮೆ ಬಂದುಹೋದ ನಾಯಿಗೆ ಪೇಸ್ಟ್‌ನಲ್ಲಿರುವ ಎಣ್ಣೆಯೇ ಕಂಟಕ.

ಔಷಧಗಳ ಜೊತೆ ಬೆರೆಯುವ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಫಿರೋಕಾಕ್ಸಿಬ್‌ನಂತಹ ನೋವುನಿವಾರಕಗಳು ಅಥವಾ ಸ್ಟೀರಾಯ್ಡ್ ನಡೆಯುತ್ತಿದ್ದರೆ ಜಠರದ ಒಳಪದರಕ್ಕೆ ಅದಾಗಲೇ ಹೊರೆ ಇರುತ್ತದೆ. ಮೂರ್ಛೆರೋಗಕ್ಕೆ ಫೀನೋಬಾರ್ಬಿಟಾಲ್ ತಿನ್ನುವ ನಾಯಿಯಲ್ಲಿ ಮೆಣಸಿನ ಪೈಪರಿನ್ ಔಷಧದ ಮಟ್ಟವನ್ನೇ ಏರುಪೇರು ಮಾಡಬಹುದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವ ನಾಯಿಯ ಸಕ್ಕರೆ ಇನ್ನಷ್ಟು ಇಳಿಯಬಹುದು. ಇಂಥ ಯಾವ ನಾಯಿಗೂ ವೈದ್ಯರನ್ನು ಕೇಳದೆ ಒಂದು ಚಿಟಿಕೆಯನ್ನೂ ಹಾಕಬೇಡಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಕನಿಷ್ಠ ಎರಡು ವಾರ ಮೊದಲೇ ನಿಲ್ಲಿಸಿ. ಹಲ್ಲು ಕೀಳಿಸುವುದೂ ಶಸ್ತ್ರಚಿಕಿತ್ಸೆಯೇ.

ಯಾವ ಅರಿಶಿನ ಕೊಳ್ಳಬೇಕು

ದೇವರ ಮನೆಯ ಡಬ್ಬಿಗೆ ಕೈ ಹಾಕಬೇಡಿ. ಪೂಜೆಗೆಂದು ಮಾರುವ ಅರಿಶಿನ ತಿನ್ನಲು ತಯಾರಿಸಿದ್ದಲ್ಲ, ಅದರಲ್ಲಿ ಹಿಟ್ಟು, ಬಣ್ಣ ಏನಿರುತ್ತದೋ ಹೇಳಲಾಗದು. ಮುಖಕ್ಕೆ ಹಚ್ಚುವ ಕಸ್ತೂರಿ ಅರಿಶಿನ ಬೇರೆಯೇ ಗಿಡದ್ದು, ಅದೂ ಬೇಡ.

ಬಿಡಿ ಪುಡಿಯಲ್ಲಿ ಕಣ್ಣು ಕೋರೈಸುವ ಹಳದಿಗಾಗಿ ಸೀಸದ ಕ್ರೋಮೇಟ್ ಬೆರೆಸುವ ಪಿಡುಗು ದಕ್ಷಿಣ ಏಷ್ಯಾದಲ್ಲಿ ಪತ್ತೆಯಾಗಿದೆ. ಸೀಸ ನರಮಂಡಲಕ್ಕೆ ವಿಷ. ದಿನವೂ ತಿನ್ನುವ ಸಣ್ಣ ದೇಹದ ನಾಯಿಗೆ ಅದು ಮನುಷ್ಯರಿಗಿಂತ ಬೇಗ ತಾಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸುವ ಸರಳ ಪರೀಕ್ಷೆ ಹೀಗಿದೆ: ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿ. ಶುದ್ಧ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗುತ್ತದೆ, ಬಣ್ಣ ಬೆರೆಸಿದ್ದಾದರೆ ನೀರೆಲ್ಲ ಗಾಢ ಹಳದಿಯಾಗುತ್ತದೆ. ಎಲ್ಲ ಕಲಬೆರಕೆಯೂ ಇದರಲ್ಲಿ ಸಿಕ್ಕಿಬೀಳುವುದಿಲ್ಲವಾದ್ದರಿಂದ, ಹೊಳಪು ಕೊಡದ, ಮಣ್ಣುಬಣ್ಣದ ಸಿಪ್ಪೆ ಇರುವ ಇಡೀ ಕೊಂಬು ಕೊಂಡು ನೀವೇ ಪುಡಿ ಮಾಡಿಕೊಳ್ಳುವುದು ಒಳ್ಳೆಯದು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಬೆಳೆಗಾರರಿಂದಲೇ ನೇರವಾಗಿ ಸಿಗುತ್ತದೆ. ಕೊಂಬನ್ನು ಕುಟ್ಟಾಣಿಯಲ್ಲಿ ಜಜ್ಜಿ, ಬಳಿಕ ಮಿಕ್ಸಿಯ ಒಣ ಜಾರಿನಲ್ಲಿ ತಿರುಗಿಸಿ ಜರಡಿ ಹಿಡಿಯಿರಿ. ಗಿರಣಿಗೆ ಕೊಡುವುದಾದರೆ ಅದಕ್ಕೆ ಮುಂಚೆ ಮೆಣಸಿನಕಾಯಿ ಬೀಸಿಲ್ಲವೆಂದು ಖಚಿತಪಡಿಸಿಕೊಳ್ಳಿ. ಯಂತ್ರದಲ್ಲಿ ಉಳಿದ ಖಾರದ ಪುಡಿ ನಾಯಿಯ ಹೊಟ್ಟೆಯನ್ನು ಉರಿಸಿಬಿಡುತ್ತದೆ.

ಮನುಷ್ಯರಿಗೆಂದು ಮಾರುವ ಕರ್ಕ್ಯುಮಿನ್ ಕ್ಯಾಪ್ಸೂಲ್‌ಗಳನ್ನು ಒಡೆದು ಹಾಕುವುದು ಬೇಡವೇ ಬೇಡ. ಹಲವು ಕ್ಯಾಪ್ಸೂಲ್‌ಗಳಲ್ಲಿ ಇರುವುದು ಶೇ. 95ರಷ್ಟು ಕರ್ಕ್ಯುಮಿನ್ ಇರುವ ಸಾರ. ಇಂಥ ಸಾಂದ್ರ ಸಾರಗಳಿಂದ ಮನುಷ್ಯರಲ್ಲೇ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ.

ಪೇಸ್ಟ್ ಮಾಡುವ ವಿಧಾನ

ಆಸ್ಟ್ರೇಲಿಯಾದ ಪಶುವೈದ್ಯ ಡಗ್ ಇಂಗ್ಲಿಷ್ ಅವರು ಜನಪ್ರಿಯಗೊಳಿಸಿದ ಪೇಸ್ಟ್ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಇರುವುದು ಅರಿಶಿನ, ನೀರು, ತೆಂಗಿನೆಣ್ಣೆ ಮತ್ತು ಕಾಳುಮೆಣಸು ಮಾತ್ರ. ಒಂದೇ ನಾಯಿ ಇರುವ ಮನೆಗೆ ಸಾಕಾಗುವಂತೆ ಅಳತೆಯನ್ನು ಇಳಿಸಿ ಕೊಡುತ್ತಿದ್ದೇನೆ. ಚಮಚ ಎಂದಾಗ 5 ಮಿಲಿಲೀಟರ್‌ನ ಅಳತೆ ಚಮಚ ಎಂದೇ ತಿಳಿಯಿರಿ, ಮನೆಯ ಸ್ಟೀಲ್ ಚಮಚಗಳ ಗಾತ್ರ ಒಂದೊಂದೂ ಒಂದೊಂದು ಥರ.

ಅರಿಶಿನ ಪುಡಿ 6 ಚಮಚ
ನೀರು ಅರ್ಧ ಕಪ್, ಅಂದರೆ ಸುಮಾರು 120 ಮಿಲಿಲೀಟರ್ (ಬೇಕಾದರೆ ಸೇರಿಸಲು ಇನ್ನಷ್ಟು)
ಗಾಣದ ತೆಂಗಿನೆಣ್ಣೆ 4 ಚಮಚ
ಆಗಷ್ಟೇ ಕುಟ್ಟಿದ ಕಾಳುಮೆಣಸಿನ ನುಣ್ಣನೆ ಪುಡಿ ಅರ್ಧ ಚಮಚ

ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಅರಿಶಿನ ಮತ್ತು ನೀರನ್ನು ಗಂಟಿಲ್ಲದಂತೆ ಕಲಸಿ, ತೀರಾ ಸಣ್ಣ ಉರಿಯಲ್ಲಿಡಿ. ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಿ. ಏಳರಿಂದ ಹತ್ತು ನಿಮಿಷದಲ್ಲಿ ಅದು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಪಾತ್ರೆಯ ಬದಿ ಬಿಡತೊಡಗುತ್ತದೆ. ಅದಕ್ಕೂ ಮೊದಲೇ ಒಣಗಿದರೆ ಎರಡು ಚಮಚ ನೀರು ಸೇರಿಸಿ. ಒಲೆ ಆರಿಸಿ, ಕೈ ಬೆಚ್ಚಗಾಗುವಷ್ಟು ತಣಿದ ಮೇಲೆ ಎಣ್ಣೆ ಮತ್ತು ಮೆಣಸು ಹಾಕಿ ಚೆನ್ನಾಗಿ ಬೆರೆಸಿ. ಎಣ್ಣೆ ಮೇಲೆ ತೇಲದೆ ಪೂರ್ತಿ ಒಳಗೆ ಹೊಂದಿಕೊಳ್ಳಬೇಕು, ಇದಕ್ಕೆ ಮೂರ್ನಾಲ್ಕು ನಿಮಿಷದ ತಾಳ್ಮೆ ಬೇಕು. ಬಿಸಿಯಲ್ಲಿ ಕರ್ಕ್ಯುಮಿನ್ ಸ್ವಲ್ಪ ಹೆಚ್ಚು ಕರಗುತ್ತದೆ, ಜಿಡ್ಡಿನೊಂದಿಗೆ ಸೇರಿದಾಗ ಕರುಳಿಗೆ ದಕ್ಕುವುದು ಸುಲಭವಾಗುತ್ತದೆ. ಒಣ ಪುಡಿಯನ್ನು ಅನ್ನದ ಮೇಲೆ ಉದುರಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ತಲೆಗೆ ಹಚ್ಚುವ ಸುವಾಸನೆಯ ತೆಂಗಿನೆಣ್ಣೆ ಬಳಸಬಾರದು, ಪೊಟ್ಟಣದ ಮೇಲೆ ಖಾದ್ಯ ಎಂದಿರಬೇಕು. ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಬರುತ್ತದೆ. ಹುಳಿ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಎಲ್ಲವನ್ನೂ ಚೆಲ್ಲಿ. ಪ್ಲಾಸ್ಟಿಕ್ ಡಬ್ಬಿ, ಬಿಳಿ ಕಲ್ಲಿನ ಕಟ್ಟೆ, ಬಟ್ಟೆ ಇವಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಸಿಗುವ ಹಸಿ ಗೆಡ್ಡೆಯಿಂದಲೂ ಮಾಡಬಹುದು, ಆದರೆ ಐದು ಕೆ.ಜಿ. ಹಸಿ ಗೆಡ್ಡೆ ಒಣಗಿದರೆ ಉಳಿಯುವುದು ಸುಮಾರು ಒಂದು ಕೆ.ಜಿ. ಮಾತ್ರ. ಅಳತೆ ತಪ್ಪುವ ಸಾಧ್ಯತೆ ಹೆಚ್ಚಿರುವುದರಿಂದ ಮೊದಲ ಸಲಕ್ಕೆ ಪುಡಿಯನ್ನೇ ಆರಿಸಿಕೊಳ್ಳಿ.

ಎಷ್ಟು ಕೊಡಬೇಕು

ಮೇಲಿನ ಅಳತೆಯಲ್ಲಿ ಮಾಡಿದ ಒಂದು ಚಮಚ ಪೇಸ್ಟ್‌ನಲ್ಲಿ ಸುಮಾರು ಕಾಲು ಚಮಚ ಅರಿಶಿನ ಇರುತ್ತದೆ. ಐದು ಕೆ.ಜಿ. ತೂಕದ ನಾಯಿಗೆ ದಿನವೊಂದಕ್ಕೆ ಅರ್ಧ ಚಮಚ ಪೇಸ್ಟ್ ಮೇಲ್ಮಿತಿ, ಹತ್ತು ಕೆ.ಜಿ.ಗೆ ಒಂದು ಚಮಚ. ಇಪ್ಪತ್ತೈದು, ಮೂವತ್ತು ಕೆ.ಜಿ.ಯ ನಾಯಿಗೆ ಲೆಕ್ಕ ಇನ್ನೂ ಹೆಚ್ಚು ಬಂದರೂ ಎರಡು ಚಮಚಕ್ಕೆ ನಿಲ್ಲಿಸುವುದು ನನ್ನ ಸಲಹೆ. ಲಕಾಡಾಂಗ್‌ನಂತಹ ಗಾಢ ಅರಿಶಿನವಾದರೆ ಈ ಪ್ರಮಾಣವನ್ನು ಅರ್ಧಕ್ಕಿಳಿಸಿ.

ಇದು ಗುರಿ, ಆರಂಭವಲ್ಲ. ಮೊದಲ ವಾರ ಗುರಿಯ ಕಾಲು ಭಾಗ ಮಾತ್ರ ಕೊಡಿ. ಮಲ ಗಟ್ಟಿಯಾಗಿದ್ದು, ವಾಂತಿ ಆಗದೆ, ಊಟದ ಆಸೆ ಮೊದಲಿನಂತೆಯೇ ಇದ್ದರೆ ಎರಡನೆಯ ವಾರ ಅರ್ಧಕ್ಕೆ ಏರಿಸಿ. ಮೂರು ನಾಲ್ಕು ವಾರಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಬಂದರೆ ಸಾಕು. ದಿನದ ಪಾಲನ್ನು ಎರಡು ಊಟಕ್ಕೆ ಹಂಚಿ. ಖಾಲಿ ಹೊಟ್ಟೆಗೆ ಕೊಟ್ಟರೆ ಹಲವು ನಾಯಿಗಳು ಹಳದಿ ನೊರೆ ಕಾರುತ್ತವೆ.

ಅನ್ನ ಕೋಳಿ, ಬೇಯಿಸಿದ ಮೊಟ್ಟೆ, ರಾಗಿ ಅಂಬಲಿ, ಮೊಸರನ್ನ, ಹೀಗೆ ನಿಮ್ಮ ನಾಯಿ ರೂಢಿಯಾಗಿ ತಿನ್ನುವ ಯಾವುದರೊಳಗೂ ಪೇಸ್ಟ್ ಬೆರೆಯುತ್ತದೆ. ನಮ್ಮ ಸಾರು, ಪಲ್ಯದಲ್ಲಿ ಕಲಸಿ ಕೊಡಬಾರದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅರಿಶಿನದ ಹಾಲನ್ನು ಬೆಲ್ಲ ಹಾಕಿ ಕುಡಿಸುವ ಪ್ರೀತಿಯೂ ಬೇಡ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ. ವಾಸನೆ ಹಿಡಿದು ತಟ್ಟೆಯಿಂದ ಮುಖ ತಿರುಗಿಸುವ ನಾಯಿಗೆ ಬಾಯಿ ಬಿಡಿಸಿ ತುರುಕಬೇಡಿ. ತಿನ್ನದಿದ್ದರೆ ಬಿಟ್ಟುಬಿಡಿ, ಇದು ಇಲ್ಲದೆಯೂ ಅದರ ಆರೈಕೆ ನಡೆಯುತ್ತದೆ. ಕೀಲಿನ ಮೇಲೆ ಅರಿಶಿನದ ಲೇಪ ಹಚ್ಚುವುದರಿಂದ ಪ್ರಯೋಜನ ಕಾಣೆ. ರೋಮದ ಮೇಲೆಯೇ ನಿಲ್ಲುತ್ತದೆ, ನಾಯಿ ಅದನ್ನು ಅಳತೆಯಿಲ್ಲದೆ ನೆಕ್ಕುತ್ತದೆ.

ಮಲ ತುಸು ಹಳದಿಯಾದರೆ, ಬಾಯಿಯ ಸುತ್ತಲಿನ ಬಿಳಿ ರೋಮಕ್ಕೆ ಬಣ್ಣ ಹಿಡಿದರೆ ಗಾಬರಿ ಬೇಡ. ಕಣ್ಣಿನ ಬಿಳಿಭಾಗ ಹಳದಿಯಾದರೆ ಅದು ಅರಿಶಿನದ ಬಣ್ಣವಲ್ಲ, ಕಾಮಾಲೆ. ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮಲ ಡಾಂಬರಿನಂತೆ ಕಪ್ಪಾದರೂ, ಒಸಡಿನಲ್ಲಿ ರಕ್ತ ಜಿನುಗಿದರೂ ಹಾಗೆಯೇ.

ಅರಿಶಿನಕ್ಕಿಂತ ಹೆಚ್ಚು ಕೆಲಸ ಮಾಡುವ ಸಂಗತಿಗಳು

ತೂಕದ ವಿಷಯದಲ್ಲಿ ನಾನು ಮೃದುವಾಗಿ ಮಾತಾಡಲಾರೆ. ನಾವು ಪ್ರೀತಿಯಿಂದ ಹಾಕುವ ಬಿಸ್ಕತ್ತು, ರಸ್ಕು, ಚಪಾತಿಯ ಚೂರುಗಳೇ ನಮ್ಮ ನಾಯಿಗಳ ಕೀಲನ್ನು ಮುರಿಯುತ್ತಿವೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಶೇ. 25ರಷ್ಟು ಕಡಿಮೆ ತಿಂದ ನಾಯಿಗಳು ಸರಾಸರಿ ಎರಡು ವರ್ಷದ ಹತ್ತಿರ ಹೆಚ್ಚು ಬದುಕಿದವು, ಅವುಗಳಿಗೆ ಕೀಲು ಸವೆತವೂ ತಡವಾಗಿ ಬಂತು. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿ ತನ್ನ ತೂಕದ ಶೇ. 6ರಷ್ಟು ಇಳಿಸಿದರೂ ಕುಂಟುವಿಕೆ ಕಡಿಮೆಯಾಗುತ್ತದೆಂದು ಇನ್ನೊಂದು ಅಧ್ಯಯನ ತೋರಿಸಿದೆ. ಮೂವತ್ತೈದು ಕೆ.ಜಿ. ನಾಯಿಗೆ ಅದು ಎರಡು ಕೆ.ಜಿ.ಯ ಮಾತು. ಪಕ್ಕೆಯ ಮೇಲೆ ಕೈಯಾಡಿಸಿದರೆ ಒತ್ತದೆಯೇ ಎಲುಬುಗಳು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ನೆಲವನ್ನು ನೋಡಿ. ನುಣುಪಾದ ಗ್ರಾನೈಟ್, ಟೈಲ್ಸ್, ರೆಡ್ ಆಕ್ಸೈಡ್ ನೆಲದ ಮೇಲೆ ಏಳುವಾಗ ಕಾಲು ಜಾರುವ ನಾಯಿಗೆ ಪ್ರತಿ ಸಲವೂ ಹೊಸ ಪೆಟ್ಟು. ಅದು ಮಲಗುವ ಜಾಗದಿಂದ ನೀರಿನ ಬಟ್ಟಲು ಮತ್ತು ಬಾಗಿಲವರೆಗೆ ಜಾರದ ಚಾಪೆ ಅಥವಾ ಗೋಣಿತಾಟು ಹಾಸಿ. ಉಗುರು ಕತ್ತರಿಸಿ, ಪಾದದ ಅಡಿಯ ರೋಮ ಟ್ರಿಮ್ ಮಾಡಿ. ಮಾಗಿಯ ಚಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬರಿ ನೆಲದ ಮೇಲೆ ಮಲಗಲು ಬಿಡಬೇಡಿ. ಭಾನುವಾರ ಒಂದು ತಾಸು ಓಡಿಸಿ ವಾರವೆಲ್ಲ ಕಟ್ಟಿಹಾಕುವುದಕ್ಕಿಂತ ದಿನಕ್ಕೆರಡು ಸಲ ಕಾಲು ಗಂಟೆಯ ನಿಧಾನ ನಡಿಗೆ ಹಿತ. ಇನ್ನೊಂದು ಪೂರಕ ಬೇಕೆಂದರೆ ಮೀನೆಣ್ಣೆಯ ಬಗ್ಗೆ ವೈದ್ಯರನ್ನು ಕೇಳಿ, ನಾಯಿಗಳ ಕೀಲಿನ ವಿಷಯದಲ್ಲಿ ಅದಕ್ಕೆ ಅರಿಶಿನಕ್ಕಿಂತ ಗಟ್ಟಿ ಪುರಾವೆ ಇದೆ.

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಎಂದೂ ಕೊಡಬೇಡಿ. ಅವುಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಅಥವಾ ಯಕೃತ್ತು ಸೋಲುತ್ತದೆ, ಜೀವವೇ ಹೋಗಬಹುದು.

ಫಲ ಸಿಕ್ಕಿದೆಯೇ ಎಂದು ತಿಳಿಯುವುದು ಹೇಗೆ

ನಾವು ಕೈಯಾರೆ ಮಾಡಿ ತಿನ್ನಿಸಿದ ಮದ್ದು ಫಲ ಕೊಟ್ಟಿದೆ ಎಂದು ನಂಬಲು ಮನಸ್ಸು ಹಾತೊರೆಯುತ್ತದೆ. ಹುಸಿ ಮಾತ್ರೆ ತಿಂದ ನಾಯಿಯಲ್ಲೂ ಮಾಲೀಕರಿಗೆ, ಕೆಲವೊಮ್ಮೆ ವೈದ್ಯರಿಗೂ ಸುಧಾರಣೆ ಕಾಣುವುದು ಅಧ್ಯಯನಗಳಲ್ಲಿ ದೃಢಪಟ್ಟಿದೆ. ಕೀಲುನೋವು ತಾನಾಗಿಯೇ ಏರಿ ಇಳಿಯುವ ಸ್ವಭಾವದ್ದು. ಆದ್ದರಿಂದ ನೆನಪನ್ನು ನಂಬದೆ ದಾಖಲೆ ಇಡಿ.

ಅರಿಶಿನ ಶುರುಮಾಡುವ ಮುಂಚೆ, ಬೆಳಿಗ್ಗೆ ಎದ್ದ ತಕ್ಷಣದ ನಡಿಗೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಬದಿಯಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಚಿತ್ರೀಕರಿಸಿ. ಜೊತೆಗೆ ನಿಮ್ಮ ನಾಯಿಗೆ ಕಷ್ಟವಾಗುತ್ತಿರುವ ಎರಡು ಮೂರು ಕೆಲಸಗಳನ್ನು ಆರಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಮೆಟ್ಟಿಲು ತಾನಾಗಿ ಹತ್ತಿತೇ, ಎಷ್ಟು ಸಲ ಯತ್ನಿಸಿ ಎದ್ದಿತು, ಕಾಲೆತ್ತಿ ಮೂತ್ರ ಮಾಡಿತೇ. ಈ ಅವಧಿಯಲ್ಲಿ ಹೊಸ ಆಹಾರ, ಹೊಸ ಪೂರಕ ಯಾವುದನ್ನೂ ಸೇರಿಸಬೇಡಿ, ಸೇರಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಪೂರ್ತಿ ಪ್ರಮಾಣಕ್ಕೆ ಬಂದ ಮೇಲೆ ಆರು ವಾರ ನೋಡಿ. ವಿಡಿಯೊಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ಹಣವನ್ನು ಮೀನೆಣ್ಣೆಗೋ ಎಕ್ಸ್‌ರೇಗೋ ಬಳಸಿ. ವ್ಯತ್ಯಾಸ ಕಂಡರೂ ಎರಡು ವಾರ ಬಿಟ್ಟು ನೋಡಿ. ಬಿಟ್ಟಾಗ ಬಿಗಿತ ಮರಳಿ ಬಂದು, ಮತ್ತೆ ಕೊಟ್ಟಾಗ ತಗ್ಗಿದರೆ ನಿಮ್ಮ ನಾಯಿಗೆ ಅದು ಒಗ್ಗಿದೆ ಎಂದು ಹೇಳಬಹುದು. ಮುಂದುವರಿಸುವುದಾದರೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ.

ಇಷ್ಟರ ನಡುವೆ ನಾಯಿ ರಾತ್ರಿ ಮಲಗಲಾಗದೆ ಜಾಗ ಬದಲಿಸುತ್ತಿದ್ದರೆ, ಮುಟ್ಟಿದರೆ ಗುರ್ರೆಂದರೆ, ನಿಂತಲ್ಲೇ ಏದುಸಿರು ಬಿಡುತ್ತಿದ್ದರೆ ಆರು ವಾರ ಕಾಯುವ ಪ್ರಶ್ನೆಯೇ ಇಲ್ಲ. ಅವತ್ತೇ ವೈದ್ಯರಿಗೆ ಕರೆ ಮಾಡಿ ನೋವುನಿವಾರಕ ಕೇಳಿ. ಅರಿಶಿನ ಕೊಡುತ್ತಿರುವ ವಿಷಯ, ಅದರ ಪ್ರಮಾಣ, ಕೊನೆಯ ಸಲ ಕೊಟ್ಟ ಹೊತ್ತು ಮೂರನ್ನೂ ಹೇಳಿ, ಅದಕ್ಕೆ ತಕ್ಕಂತೆ ಅವರು ಔಷಧವನ್ನು ಆರಿಸುತ್ತಾರೆ.